ಸ್ಪೈಕ್ ಹಾಕಿದ್ದರೂ ಹಿಮದ ಇಳಿಜಾರಿನಲ್ಲಿ ಜಾರುತ್ತಿದ್ದೇನೆ, ಕಾಲ್ಬೆರಳು ಮರಗಟ್ಟುತ್ತಿವೆ

ಹೊಸಹೆಜ್ಜೆ:
ಎಲ್ಲರಿಗೂ ನಮಸ್ಕಾರ. ಕಳೆದ ವಾರ ಮೊದಲ ಸಲ ಹಿಮ ಬಿದ್ದ ಬೆಟ್ಟ ಹತ್ತಿದೆ. ಬೆಳಿಗ್ಗೆ ಎಂಟಕ್ಕೆ ಹೊರಟಾಗ ದಾರಿ ಕಲ್ಲಿನಂತೆ ಗಟ್ಟಿಯಾಗಿತ್ತು, ಮೈಕ್ರೋಸ್ಪೈಕ್ (ಬೂಟಿನ ಅಡಿಗೆ ತೊಡಿಸುವ ಸಣ್ಣ ಲೋಹದ ಹಲ್ಲುಗಳು) ಚೆನ್ನಾಗಿ ಕಚ್ಚುತ್ತಿತ್ತು. ಮಧ್ಯಾಹ್ನ ಎರಡರ ಮೇಲೆ ಇಳಿಯುವಾಗ ಅದೇ ಸ್ಪೈಕ್ ಹಿಡಿಯಲೇ ಇಲ್ಲ, ನಾಲ್ಕು ಸಲ ಬಿದ್ದೆ. ಎರಡು ಜೊತೆ ದಪ್ಪ ಕಾಲುಚೀಲ ಹಾಕಿದ್ದರೂ ಬೆರಳುಗಳಿಗೆ ಸ್ಪರ್ಶವೇ ಇರಲಿಲ್ಲ. ನಕ್ಷೆ ನೋಡಲು ಹೋದರೆ ಶೇ. 40 ಚಾರ್ಜ್ ಇದ್ದ ಮೊಬೈಲ್ ಆರಿಹೋಯಿತು. ಇನ್ನು ಕ್ರಾಂಪಾನ್, ಅಂದರೆ ಬೂಟಿಗೆ ಕಟ್ಟುವ ಉದ್ದ ಹಲ್ಲಿನ ಲೋಹದ ಚೌಕಟ್ಟು, ಕೊಳ್ಳುವುದೇ ದಾರಿಯೇ?

ಗಿರಿಪಥ:
ಕೊಳ್ಳುವ ಮುನ್ನ ಒಂದು ಮಾತು ಹೇಳಿ. ಬಿದ್ದಾಗ ಬೂಟಿನ ಅಡಿ ನೋಡಿದಿರಾ? ಹಿಮದ ಉಂಡೆ ಅಂಟಿತ್ತೇ?

ಹೊಸಹೆಜ್ಜೆ:
ಹೌದು, ಎರಡೂ ಕಾಲಿಗೆ. ಕೊಡವಿದರೂ ಹತ್ತು ಹೆಜ್ಜೆಯೊಳಗೆ ಮತ್ತೆ ಕಟ್ಟಿಕೊಳ್ಳುತ್ತಿತ್ತು.

ಗಿರಿಪಥ:
ಹಾಗಾದರೆ ದೋಷ ಸ್ಪೈಕಿನದಲ್ಲ, ನೀವು ಇಳಿದ ಹೊತ್ತಿನದು. ರಾತ್ರಿ ಹೆಪ್ಪುಗಟ್ಟಿದ ಹಿಮ ಬಿಸಿಲಿಗೆ ಒದ್ದೆಯಾಗುತ್ತದೆ. ಒದ್ದೆ ಹಿಮ ಹಲ್ಲುಗಳ ನಡುವೆ ಮೆತ್ತಿಕೊಂಡು ಉಂಡೆಯಾದ ಮೇಲೆ ಹಲ್ಲು ನೆಲ ಮುಟ್ಟುವುದೇ ಇಲ್ಲ. ನೀವು ನಡೆಯುವುದು ಆ ಉಂಡೆಯ ಮೇಲೆ. ಕ್ರಾಂಪಾನಿಗೂ ಇದೇ ಗತಿ, ಅಂಟು ತಡೆಯುವ ತಟ್ಟೆ ಇಲ್ಲದಿದ್ದರೆ ಇನ್ನೂ ಕಷ್ಟ. ಕ್ರಾಂಪಾನ್ ಇರುವುದು ಕಡಿದಾದ ಗಟ್ಟಿ ಮಂಜುಗಡ್ಡೆಗೆ, ಐಸ್ ಆಕ್ಸ್ (ಹಿಮದಲ್ಲಿ ಊರಿ ಹಿಡಿಯುವ ಕೈಗೊಡಲಿ) ಬಳಸಲು ಕಲಿತವರಿಗೆ.

ನಸುಕಿನಲ್ಲೇ ಹೊರಡಿ, ಬಿಸಿಲೇರುವ ಮುನ್ನ ಕಡಿದಾದ ಭಾಗ ಇಳಿದುಬಿಡಿ. ತಿರುಗುವ ಸಮಯವನ್ನು ಮನೆಯಲ್ಲೇ ನಿರ್ಧರಿಸಿ. ಶಿಖರ ಕಣ್ಣೆದುರು ಇದ್ದರೂ ಬದಲಿಸಬೇಡಿ. ಉಂಡೆ ಕಟ್ಟಿದರೆ ಕೋಲಿನಿಂದ ಬೂಟಿನ ಪಕ್ಕಕ್ಕೆ ತಟ್ಟಿ. ಮೆತ್ತನೆಯ ಹಿಮದ ಸಣ್ಣ ಇಳಿಜಾರಿನಲ್ಲಿ ಸ್ಪೈಕ್ ಬಿಚ್ಚಿ, ಹಿಮ್ಮಡಿಯನ್ನು ಬಲವಾಗಿ ಊರಿ ಇಳಿಯುವುದೇ ಮೇಲು.

ಜಾರುವುದಕ್ಕಿಂತ ನನಗೆ ಹೆಚ್ಚು ಭಯ ಹುಟ್ಟಿಸುವುದು ಬೇರೆ. ಹಿಮಕುಸಿತಗಳು ಹೆಚ್ಚಾಗಿ ಹೊರಡುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ, ಮತ್ತು ಬಿಸಿಲಿಗೆ ನೆನೆದ ಹಿಮದ ಹಿಡಿತ ಸಡಿಲವಾಗುತ್ತದೆ. ಮೇಲಿನಿಂದ ಹಿಮದ ಉಂಡೆಗಳು ತಾವಾಗಿಯೇ ಉರುಳಿ ಬರತೊಡಗಿದರೆ ಅಲ್ಲಿ ನಿಲ್ಲಲೇಬೇಡಿ. ಹೊರಡುವ ದಿನ ಹಿಮಕುಸಿತದ ಮುನ್ಸೂಚನೆ ಓದಿ. ದಯವಿಟ್ಟು ಇದನ್ನು ಬಿಡಬೇಡಿ.

ಉಣ್ಣೆಟೋಪಿ:
ಬೆರಳಿನ ಬಗ್ಗೆ ನಾನು ಹೇಳುತ್ತೇನೆ, ಇದೇ ತಪ್ಪನ್ನು ಎರಡು ಚಳಿಗಾಲ ಮಾಡಿದ್ದೇನೆ. ಬಿಗಿಯಾದ ಬೂಟಿನೊಳಗೆ ಎರಡು ದಪ್ಪ ಕಾಲುಚೀಲ ತುರುಕಿದರೆ ರಕ್ತ ಸಂಚಾರವೇ ಕುಗ್ಗುತ್ತದೆ. ಉಣ್ಣೆಯದು ಒಂದೇ ಸಾಕು, ಬೆರಳು ಆಡಿಸಲು ಜಾಗವಿರಲಿ. ಹತ್ತುವಾಗ ಬೆವರಿದರೆ ಅದೇ ತೇವ ಆಮೇಲೆ ಕೊರೆಯುತ್ತದೆ, ಹಾಗಾಗಿ ಹೊರಡುವಾಗಲೇ ಒಂದು ಪದರ ಕಳಚಿ, ತುಸು ಚಳಿಯಲ್ಲೇ ನಡೆಯಲು ತೊಡಗಿ. ಚರ್ಮ ಬಿಳಿಚಿ ಮೇಣದಂತಾದರೆ ಅದು ಹಿಮಕಡಿತ: ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ, ಬೇಗ ವೈದ್ಯರ ಬಳಿ ಹೋಗಿ.

ಮೊಬೈಲ್ ಕೆಟ್ಟಿಲ್ಲ. ಚಳಿಯಲ್ಲಿ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನಗೊಂಡು ವೋಲ್ಟೇಜ್ ಕುಸಿಯುತ್ತದೆ. ಮೈಗೆ ತಾಗುವ ಒಳಜೇಬಿನಲ್ಲಿಡಿ, ಕಾಗದದ ನಕ್ಷೆಯೂ ಜೊತೆಗಿರಲಿ.

ಹೊಸಹೆಜ್ಜೆ:
ನಿನ್ನೆ ಮತ್ತೆ ಹೋಗಿದ್ದೆ. ಐದಕ್ಕೆ ಹೊರಟು ಹನ್ನೊಂದಕ್ಕೆ ಕೆಳಗಿದ್ದೆ. ಒಂದೇ ಕಾಲುಚೀಲ, ಬೆರಳು ಬೆಚ್ಚಗಿದ್ದವು, ಒಮ್ಮೆಯೂ ಬೀಳಲಿಲ್ಲ. ಇಬ್ಬರಿಗೂ ತುಂಬು ಧನ್ಯವಾದ. ಬಾಟಲಿಯ ಬಾಯಿ ಮಾತ್ರ ಹೆಪ್ಪುಗಟ್ಟಿ ಮುಚ್ಚಳ ತೆರೆಯಲಾಗಲಿಲ್ಲ.

ಉಣ್ಣೆಟೋಪಿ:
ಮುಚ್ಚಳ ಬಿಗಿಮಾಡಿ ಬಾಟಲಿಯನ್ನು ತಲೆಕೆಳಗಾಗಿ ಇಡಿ. ಮಂಜುಗಡ್ಡೆ ಮೊದಲು ಕಟ್ಟುವುದು ಮೇಲ್ಭಾಗದಲ್ಲಿ, ಆಗ ಬಾಯಿಯ ಕಡೆ ನೀರು ಉಳಿಯುತ್ತದೆ.