ಎಲ್‌ಎಸ್‌ಡಿ (ಲಿಮಿಟೆಡ್ ಸ್ಲಿಪ್ ಡಿಫರೆನ್ಶಿಯಲ್) ಇರುವ ಗಾಡಿಗೆ ಯಾವ ಗೇರ್ ಆಯಿಲ್? ಬದಲಾಯಿಸಿದ ಮೇಲೆ ತಿರುವಿನಲ್ಲಿ ಶಬ್ದ ಶುರುವಾಗಿದೆ

ಹಿಂದಿನಗಾಲಿ:

ಎಲ್ಲರಿಗೂ ನಮಸ್ಕಾರ. ಆರು ತಿಂಗಳ ಹಿಂದೆ ಒಂದು ಹಳೇ ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡೆ, ರಿಯರ್ ವೀಲ್ ಡ್ರೈವ್. ಸರ್ವಿಸ್ ದಾಖಲೆ ಏನೂ ಸಿಗಲಿಲ್ಲ. ಹಿಂದಿನ ಡಿಫರೆನ್ಶಿಯಲ್ (ಎರಡೂ ಚಕ್ರಗಳಿಗೆ ಶಕ್ತಿ ಹಂಚುವ ಗೇರ್ ಕಟ್ಟು) ಆಯಿಲ್ ಯಾವ ಕಾಲದ್ದೋ ಏನೋ ಅಂತ ಕಳೆದ ಭಾನುವಾರ ನಾನೇ ಕೆಳಗೆ ಮಲಗಿ ಬದಲಾಯಿಸಿದೆ. ಹೊರಗೆ ಬಂದ ಆಯಿಲ್ ಕಪ್ಪಗೆ, ಮೂಗಿಗೆ ಹೊಡೆಯುವ ಹಾಗೆ ನಾರುತ್ತಿತ್ತು. ಹೊಸದಾಗಿ ಹಾಕಿದ್ದು 80ಡಬ್ಲ್ಯೂ-90 (ಆಯಿಲ್‌ನ ದಪ್ಪ) ಜಿಎಲ್-5 (ಗೇರ್ ಆಯಿಲ್‌ನ ದರ್ಜೆ). ಡಬ್ಬಿ ಮೇಲೆ ಬೇರೆ ವಿಶೇಷ ಏನೂ ಬರೆದಿರಲಿಲ್ಲ.

ನೇರ ರಸ್ತೆಯಲ್ಲಿ ಏನೂ ತೊಂದರೆ ಇಲ್ಲ. ಪಾರ್ಕಿಂಗ್‌ನಿಂದ ಸ್ಟಿಯರಿಂಗ್ ಪೂರ್ತಿ ತಿರುಗಿಸಿ ನಿಧಾನಕ್ಕೆ ಹೊರಗೆ ತೆಗೆಯುವಾಗ ಮಾತ್ರ ಹಿಂದಿನಿಂದ ಗರ್ ಗರ್ ಗರ್ ಅಂತ ಶಬ್ದ, ಅದುರು ಸೀಟಿನ ತನಕ ಬರುತ್ತದೆ. ಆಯಿಲ್ ಬದಲಾಯಿಸುವ ಮೊದಲು ಇದು ಖಂಡಿತ ಇರಲಿಲ್ಲ. ಒಬ್ಬ ಮೆಕ್ಯಾನಿಕ್ ಕೇಳಿದ ತಕ್ಷಣ "ಆಯಿಲ್ ತೆಳು ಆಯ್ತು, 85ಡಬ್ಲ್ಯೂ-140 ಹಾಕಿ" ಅಂದರು. ಇನ್ನೊಬ್ಬರು "ಒಳಗೆ ಎಲ್‌ಎಸ್‌ಡಿ ಇರಬೇಕು, ಅದಕ್ಕೆ ಬೇರೆ ಆಯಿಲ್ಲೇ ಬೇಕು" ಅನ್ನುತ್ತಾರೆ. ಯಾರ ಮಾತು ಕೇಳಲಿ? ಏನಾದರೂ ಹಾಳು ಮಾಡಿಬಿಟ್ಟೆನಾ ಅಂತ ರಾತ್ರಿ ನಿದ್ದೆ ಬರುತ್ತಿಲ್ಲ.

ಗ್ರೀಸ್‌ಕೈ:

ಗಾಬರಿ ಬೇಡ ಸರ್, ಇನ್ನೂ ಏನೂ ಹಾಳಾಗಿರಲಿಕ್ಕಿಲ್ಲ. ನಿಮ್ಮ ಎರಡನೇ ಮೆಕ್ಯಾನಿಕ್ ಹೇಳಿದ್ದೇ ಸರಿ ಅನಿಸುತ್ತದೆ. ನೀವು ಬರೆದ ಶಬ್ದ ಪ್ಲೇಟ್ ಇರುವ ಎಲ್‌ಎಸ್‌ಡಿಯ ಶಬ್ದವೇ.

ಯಾಕೆ ಹೀಗೆ ಅಂದರೆ, ತಿರುವಿನಲ್ಲಿ ಹೊರಗಿನ ಚಕ್ರ ಜಾಸ್ತಿ ದೂರ ಓಡಬೇಕು, ಒಳಗಿನದು ಕಡಿಮೆ. ಸಾದಾ ಡಿಫರೆನ್ಶಿಯಲ್‌ನಲ್ಲಿ ಅದಕ್ಕೆ ಅಡ್ಡಿಯೇ ಇಲ್ಲ. ಎಲ್‌ಎಸ್‌ಡಿಯಲ್ಲಿ ಒಳಗೆ ಪುಟ್ಟ ಪುಟ್ಟ ಕ್ಲಚ್ ಪ್ಲೇಟ್‌ಗಳ ಕಟ್ಟು ಇರುತ್ತದೆ, ಒಂದು ಚಕ್ರ ಸುಮ್ನೆ ಸುತ್ತದ ಹಾಗೆ ಅವು ಹಿಡಿಯುತ್ತವೆ. ತಿರುಗುವಾಗ ಅವೇ ಪ್ಲೇಟ್‌ಗಳು ಒಂದರ ಮೇಲೊಂದು ನಿಧಾನವಾಗಿ ಜಾರಬೇಕು. ಭಾರದ ಮರದ ಕುರ್ಚಿಯನ್ನು ನೆಲದ ಮೇಲೆ ನಿಧಾನಕ್ಕೆ ಎಳೆದು ನೋಡಿ, ಹಿಡಿದು ಬಿಟ್ಟು ಹಿಡಿದು ಬಿಟ್ಟು ಗರಗರ ಅನ್ನುತ್ತದಲ್ಲ, ಅದೇ ಕಥೆ. ನಿಂತಿರುವಾಗಿನ ಘರ್ಷಣೆ ಜಾರುವಾಗಿನದಕ್ಕಿಂತ ಜಾಸ್ತಿ ಇದ್ದರೆ ಹೀಗೆ ತಡೆತಡೆದು ಜಾರುತ್ತದೆ. ಎರಡೂ ಸಮ ಆಗುವ ಹಾಗೆ ಮಾಡಲಿಕ್ಕೆ ಆಯಿಲ್‌ಗೆ ಫ್ರಿಕ್ಷನ್ ಮಾಡಿಫೈಯರ್ ಅಂತ ಒಂದು ಸೇರಿಸುತ್ತಾರೆ. ಹಳೇ ಆಯಿಲ್‌ನಲ್ಲಿ ಅದು ಇತ್ತು, ನೀವು ಹಾಕಿದ ಸಾದಾ ಜಿಎಲ್-5ರಲ್ಲಿ ಇಲ್ಲ. ಅಷ್ಟೇ ವ್ಯತ್ಯಾಸ.

ದಪ್ಪ ಆಯಿಲ್ ಇದಕ್ಕೆ ಮದ್ದಲ್ಲ. ಆಯಿಲ್‌ನ ದಪ್ಪ ಬೇರೆ, ಪ್ಲೇಟ್ ಮೇಲೆ ಅದು ಹೇಗೆ ಜಾರುತ್ತದೆ ಅನ್ನುವುದು ಬೇರೆ.

ಸ್ಪ್ಯಾನರ್14:

ಸ್ವಲ್ಪ ತಡೆಯಿರಿ. ನಾನು ಹತ್ತು ವರ್ಷದಿಂದ 85ಡಬ್ಲ್ಯೂ-140 ಹಾಕುತ್ತಿದ್ದೇನೆ, ನನ್ನದೂ ಎಲ್‌ಎಸ್‌ಡಿನೇ, ಒಂದು ದಿನ ಶಬ್ದ ಬಂದಿಲ್ಲ. ಭಾರ ಎಳೆಯುವ ಗಾಡಿಗೆ ದಪ್ಪ ಆಯಿಲ್ಲೇ ಒಳ್ಳೆಯದು. ಮೆಕ್ಯಾನಿಕ್ ಸುಮ್ನೆ ಹೇಳಿರಲ್ಲ.

ಹಳೇಗೇರು:

ಸ್ಪ್ಯಾನರ್14 ಅವರೇ, ನಿಮ್ಮ ಗಾಡಿಯಲ್ಲಿ ಶಬ್ದ ಇಲ್ಲ ಅನ್ನುವುದನ್ನು ನಂಬುತ್ತೇನೆ. ಆದರೆ ನಿಮ್ಮದು ಯಾವ ತರಹದ ಎಲ್‌ಎಸ್‌ಡಿ? ಈ ಪ್ರಶ್ನೆ ಕೇಳದೆ ಆಯಿಲ್ ಹೇಳಬಾರದು. ಎಲ್‌ಎಸ್‌ಡಿ ಅನ್ನುವುದು ಒಂದೇ ವಸ್ತು ಅಲ್ಲ, ಬೇರೆ ಬೇರೆ ತರಹದವಕ್ಕೆ ಎಲ್ಲಾ ಒಂದೇ ಹೆಸರು ಇಟ್ಟಿದ್ದಾರೆ, ಜನ ಗೊಂದಲ ಮಾಡಿಕೊಳ್ಳುವುದೇ ಇಲ್ಲಿ.

ಪ್ಲೇಟ್ ಇರುವುದರ ಬಗ್ಗೆ ಮೇಲೆ ಚೆನ್ನಾಗಿ ಬರೆದಿದ್ದಾರೆ. ಪ್ಲೇಟ್ ಬದಲು ಕೋನ್ ಇರುವುದೂ ಉಂಟು, ಅದಕ್ಕೂ ಇದೇ ಮಾತು. ಆಮೇಲೆ ಟಾರ್ಸೆನ್ ತರಹದ್ದು. ಅದರಲ್ಲಿ ಪ್ಲೇಟ್‌ಗಿಂತ ಹೆಚ್ಚಾಗಿ ಓರೆ ಹಲ್ಲಿನ ಗೇರುಗಳೇ ಒತ್ತಿಕೊಂಡು ಹಿಡಿತ ಕೊಡುತ್ತವೆ, ಸಾಮಾನ್ಯವಾಗಿ ಮಾಡಿಫೈಯರ್ ಬೇಕಾಗುವುದಿಲ್ಲ, ಒಳ್ಳೆಯ ಜಿಎಲ್-5 ಸಾಕು. ಇನ್ನೊಂದು ವಿಸ್ಕಸ್. ಅದರ ಸಿಲಿಕೋನ್ ದ್ರವ ಬೇರೆ ಡಬ್ಬಿಯೊಳಗೆ ಸೀಲ್ ಆಗಿರುತ್ತದೆ, ನೀವು ಹಾಕುವ ಗೇರ್ ಆಯಿಲ್ ಅದನ್ನು ಮುಟ್ಟುವುದೇ ಇಲ್ಲ. ಒಂದೇ ಹೆಸರಿನ ಗಾಡಿಯಲ್ಲೂ ಇದು ಬದಲಾಗುತ್ತದೆ. ಮೊದಲ ತಲೆಮಾರಿನ ಮಜ್ದಾ ಎಂಎಕ್ಸ್-5 ನೋಡಿ, 1.6 ಲೀಟರ್ ಇಂಜಿನ್ ಇದ್ದಾಗ ವಿಸ್ಕಸ್ ಎಲ್‌ಎಸ್‌ಡಿ, 1994ರಲ್ಲಿ 1.8 ಬಂದ ಮೇಲೆ ಟಾರ್ಸೆನ್. ಹಾಗಾಗಿ "ನನ್ನದೂ ಅದೇ ಗಾಡಿ, ನಾನು ಇದನ್ನೇ ಹಾಕಿದ್ದೇನೆ" ಅನ್ನುವ ಸಲಹೆಯನ್ನೂ ಪೂರ್ತಿ ನಂಬಲಿಕ್ಕೆ ಆಗಲ್ಲ.

ಹಿಂದಿನಗಾಲಿ ಅವರೇ, ಮೊದಲು ನಿಮ್ಮದು ಯಾವುದು ಅಂತ ಪತ್ತೆ ಮಾಡಿ. ಡಿಫರೆನ್ಶಿಯಲ್ ಕವರ್‌ನ ಯಾವುದಾದರೂ ಬೋಲ್ಟ್ ಕೆಳಗೆ ಪುಟ್ಟ ತಗಡಿನ ಪಟ್ಟಿ ಸಿಕ್ಕಿಸಿರಬಹುದು, ಮಣ್ಣು ಕೆರೆದು ನೋಡಿ. ಎಲ್‌ಎಸ್‌ಡಿ ಇದ್ದರೆ ಎಷ್ಟೋ ಸಲ ಅದರ ಮೇಲೆ ಗುರುತು ಇರುತ್ತದೆ. ಸಿಗದಿದ್ದರೆ ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಹಿಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಿ, ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಂದು ಚಕ್ರವನ್ನು ಕೈಯಲ್ಲಿ ತಿರುಗಿಸಿ. ಇನ್ನೊಂದು ಅದೇ ದಿಕ್ಕಿಗೆ ತಿರುಗಿದರೆ ಪ್ಲೇಟ್ ಅಥವಾ ಕೋನ್ ಇರುವ ಸಾಧ್ಯತೆ ಜಾಸ್ತಿ. ವಿರುದ್ಧ ದಿಕ್ಕಿಗೆ ತಿರುಗಿದರೆ ಸಾದಾ ಡಿಫರೆನ್ಶಿಯಲ್ ಇರಬಹುದು, ಟಾರ್ಸೆನ್ ಇರಬಹುದು, ಪ್ಲೇಟ್ ಸವೆದು ಹೋಗಿರಲೂಬಹುದು. ಇದೊಂದು ಸುಳಿವು, ಕೊನೆಯ ತೀರ್ಪಲ್ಲ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎಲ್‌ಎಸ್‌ಡಿ ಇರುವ ಗಾಡಿಯಲ್ಲಿ ಒಂದೇ ಚಕ್ರ ಎತ್ತಿ ಇಂಜಿನ್ ಆನ್ ಮಾಡಿ ಗೇರ್‌ಗೆ ಹಾಕಲೇಬೇಡಿ. ನೆಲದ ಮೇಲಿರುವ ಚಕ್ರಕ್ಕೂ ಶಕ್ತಿ ಹೋಗುತ್ತದೆ, ಗಾಡಿ ಜಾಕ್ ಬಿಟ್ಟು ಮುಂದೆ ನುಗ್ಗುತ್ತದೆ.

ಹಿಂದಿನಗಾಲಿ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಇಬ್ಬರಿಗೂ ಥ್ಯಾಂಕ್ಸ್. ಭಾನುವಾರ ಕೆಳಗೆ ಹೋಗಿ ನೋಡುತ್ತೇನೆ. ಇನ್ನೊಂದು ಅನುಮಾನ. ಗೇರ್‌ಬಾಕ್ಸ್‌ಗೆ ಅಂತ ತಂದ ಜಿಎಲ್-4 ಒಂದು ಡಬ್ಬಿ ಮನೆಯಲ್ಲೇ ಇದೆ, ಅದೂ 80ಡಬ್ಲ್ಯೂ-90. ಅದಕ್ಕೆ ಮಾಡಿಫೈಯರ್ ಸೇರಿಸಿ ಹಾಕಬಹುದಾ? ಮತ್ತೆ 90, 140 ಅಂದರೆ ಅಷ್ಟು ದಪ್ಪನಾ? ಇಂಜಿನ್‌ಗೆ 40 ಹಾಕುತ್ತೇವೆ, ಇದು ಅದರ ಮೂರೂವರೆ ಪಟ್ಟು ಆಯಿತಲ್ಲ.

ಗ್ರೀಸ್‌ಕೈ:

ಜಿಎಲ್-4 ಬೇಡವೇ ಬೇಡ. ಹಿಂದಿನ ಆಕ್ಸಲ್‌ನ ಕ್ರೌನ್ (ದೊಡ್ಡ ಹಲ್ಲಿನ ಚಕ್ರ) ಮತ್ತು ಪಿನಿಯನ್ (ಅದನ್ನು ತಿರುಗಿಸುವ ಚಿಕ್ಕ ಗೇರ್) ಸಾಮಾನ್ಯವಾಗಿ ಹೈಪಾಯ್ಡ್ ಗೇರ್. ಪಿನಿಯನ್ ಕ್ರೌನ್‌ನ ನಡು ಮಧ್ಯಕ್ಕೆ ಬಂದು ಕೂರುವುದಿಲ್ಲ, ಸ್ವಲ್ಪ ಪಕ್ಕಕ್ಕೆ ಸರಿದಿರುತ್ತದೆ. ಹಾಗಾಗಿ ಹಲ್ಲುಗಳು ಉರುಳುವುದರ ಜೊತೆಗೆ ಒಂದರ ಮೇಲೊಂದು ಉಜ್ಜುತ್ತಲೂ ಇರುತ್ತವೆ, ಅದೂ ಭಾರೀ ಒತ್ತಡದಲ್ಲಿ. ಅಲ್ಲಿ ಆಯಿಲ್ ಪದರ ಹರಿದರೂ ಲೋಹಕ್ಕೆ ಲೋಹ ಕಚ್ಚದ ಹಾಗೆ ಕಾಯುವುದು ಗಂಧಕ, ರಂಜಕ ಇರುವ ಅಡಿಟಿವ್. ಜಿಎಲ್-5ರಲ್ಲಿ ಅದು ಜಿಎಲ್-4ರ ಸುಮಾರು ಎರಡರಷ್ಟು ಇರುತ್ತದೆ. ಅದೇ ಗಂಧಕ ಗೇರ್‌ಬಾಕ್ಸ್‌ನಲ್ಲಿ ಗೇರ್ ಬದಲಿಸುವಾಗ ವೇಗ ಹೊಂದಿಸುವ ಹಿತ್ತಾಳೆ ಸಿಂಕ್ರೋ ರಿಂಗ್‌ಗಳನ್ನು ತಿನ್ನುವ ಅಪಾಯ ಇದೆ ಅಂತಲೇ ಅಲ್ಲಿಗೆ ಜಿಎಲ್-4 ಕೇಳುವುದು. ಮುಂದಿನ ಚಕ್ರ ಎಳೆಯುವ ಗಾಡಿಗಳಲ್ಲಿ ಡಿಫರೆನ್ಶಿಯಲ್ ಬಹುಪಾಲು ಗೇರ್‌ಬಾಕ್ಸ್ ಒಳಗೇ ಇರುತ್ತದೆ, ಅಲ್ಲಿ ಲೆಕ್ಕವೇ ಬೇರೆ, ಮ್ಯಾನುಯಲ್ ಬಿಟ್ಟು ಅತ್ತಿತ್ತ ಹೋಗಬಾರದು.

ನಂಬರ್ ವಿಷಯ. ಗೇರ್ ಆಯಿಲ್ ಅಳೆಯುವ ಪಟ್ಟಿಯೇ ಬೇರೆ, ಇಂಜಿನ್ ಆಯಿಲ್ ಪಟ್ಟಿಯೇ ಬೇರೆ. ಬಿಸಿ ಇರುವಾಗ 90ರ ಗೇರ್ ಆಯಿಲ್ ಹೆಚ್ಚುಕಡಿಮೆ 40 ಅಥವಾ 50ರ ಇಂಜಿನ್ ಆಯಿಲ್ ಅಷ್ಟೇ ದಪ್ಪ. 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 90ರದ್ದು 13.5ರಿಂದ 18.5 ಸೆಂಟಿಸ್ಟೋಕ್ (ದಪ್ಪದ ಅಳತೆ) ಒಳಗೆ ಇರಬೇಕು, 140ರದ್ದು 24ರಿಂದ 32.5. ಅಂದರೆ 140 ನಿಜಕ್ಕೂ ಬಹಳ ದಪ್ಪ. ಟ್ರೇಲರ್ ಎಳೆಯುವ, ಭಾರ ಹೊತ್ತು ಕಾದು ಕೆಂಡವಾಗುವ ಆಕ್ಸಲ್‌ಗೆ ಅದು ಸರಿ. ಅಲ್ಲಿ ಸ್ಪ್ಯಾನರ್14 ಹೇಳಿದ್ದನ್ನು ನಾನೂ ಒಪ್ಪುತ್ತೇನೆ. ದಿನಾ ಓಡಾಡುವ ಗಾಡಿಗೆ ಮ್ಯಾನುಯಲ್ ಕೇಳದೆ ಹಾಕಿದರೆ ಸುಮ್ನೆ ಎಳೆತ ಜಾಸ್ತಿ, ತಣ್ಣಗಿರುವಾಗ ಬೇರಿಂಗ್‌ಗೆ ಆಯಿಲ್ ತಲುಪುವುದು ತಡ.

ಸ್ಪ್ಯಾನರ್14:

ಮ್ಯಾನುಯಲ್ ತೆಗೆದು ನೋಡಿದೆ. ನನ್ನದು ಗೇರ್ ತರಹದ್ದೇ, ಪ್ಲೇಟ್ ಇಲ್ಲ. ಇಷ್ಟು ವರ್ಷ ಆಯಿಲ್‌ನಿಂದಾಗಿ ಶಬ್ದ ಇಲ್ಲ ಅಂದುಕೊಂಡಿದ್ದೆ, ಶಬ್ದ ಮಾಡುವ ಪ್ಲೇಟೇ ಒಳಗೆ ಇರಲಿಲ್ಲ. ಹಿಂದಿನಗಾಲಿ ಅವರೇ, ನನ್ನ ಮಾತು ಬಿಡಿ, ಇವರು ಹೇಳಿದ ಹಾಗೆ ಮಾಡಿ.

ಕವಲುದಾರಿ:

ಮಾಡಿಫೈಯರ್ ಹಾಕುವ ಮುಂಚೆ ನನ್ನ ಅನುಭವ ಓದಿ. ನನಗೂ ಇದೇ ಗರಗರ ಇತ್ತು. ಲಿಮಿಟೆಡ್ ಸ್ಲಿಪ್ ಅಂತ ಬರೆದಿರುವ ರೆಡಿ ಆಯಿಲ್ ಹಾಕಿದೆ, ಅದರಲ್ಲಿ ಮಾಡಿಫೈಯರ್ ಮೊದಲೇ ಸೇರಿರುತ್ತದೆ. ಅದು ಗೊತ್ತಿಲ್ಲದೆ ಮೇಲೆ ಇನ್ನೂ ಎರಡು ಪುಟ್ಟ ಬಾಟಲಿ ಸುರಿದೆ. ಶಬ್ದ ನಿಂತಿತು. ಮುಂದಿನ ಮಳೆಗೆ ಒದ್ದೆ ಹುಲ್ಲಿನ ಏರಿನಲ್ಲಿ ಗಾಡಿ ನಿಂತುಬಿಟ್ಟಿತು, ಒಂದು ಚಕ್ರ ಗಿರಗಿರ ಸುತ್ತುತ್ತಿದೆ, ಇನ್ನೊಂದು ಕಲ್ಲಿನ ಹಾಗೆ ಕೂತಿದೆ. ಪ್ಲೇಟ್‌ಗಳು ಅಷ್ಟು ನುಣುಪಾಗಿ ಜಾರುತ್ತಿದ್ದವು, ಹಿಡಿಯುವುದನ್ನೇ ಬಿಟ್ಟಿದ್ದವು. ಪೂರ್ತಿ ಆಯಿಲ್ ಖಾಲಿ ಮಾಡಿ ಮತ್ತೆ ಹಾಕಬೇಕಾಯಿತು.

ಅದಕ್ಕೆ ಹೇಳುತ್ತಿದ್ದೇನೆ, ಸ್ವಲ್ಪ ಸ್ವಲ್ಪ ಹಾಕಿ. ಮಾಡಿಫೈಯರ್ ಬಾಟಲಿ ಸಾಮಾನ್ಯವಾಗಿ 118 ಮಿಲಿಯದ್ದು, ಮೊದಲು ಅರ್ಧ ಹಾಕಿ ನೋಡಿ. ಹೌಸಿಂಗ್ ಈಗ ತುಂಬಿರುತ್ತದೆ, ಆದ್ದರಿಂದ ಫಿಲ್ಲರ್ ತೂತಿನಿಂದ ಸಿರಿಂಜ್ ಮತ್ತು ಪೈಪ್ ಹಾಕಿ ಅಷ್ಟೇ ಆಯಿಲ್ ಹೊರಗೆ ಎಳೆದು, ಆಮೇಲೆ ಇದನ್ನು ಬಿಡಿ. ಹಾಕಿದ ಕೂಡಲೇ ಗುಣ ಕಾಣುವುದಿಲ್ಲ, ಪ್ಲೇಟ್‌ಗಳ ಸಂದಿಗೆ ಆಯಿಲ್ ಹೋಗಬೇಕು. ಖಾಲಿ ಜಾಗದಲ್ಲಿ ನಿಧಾನಕ್ಕೆ ಇಂಗ್ಲಿಷ್ ಎಂಟರ ಆಕಾರದಲ್ಲಿ ಹತ್ತು ಸುತ್ತು ಹೊಡೆಯಿರಿ, ಎಡಕ್ಕೂ ಬಲಕ್ಕೂ ಸಮವಾಗಿ.

ರೇಸಿಗೆ ಅಂತ ಹೊರಗಿನಿಂದ ಹಾಕಿಸಿದ 2-ವೇ (ಆಕ್ಸಿಲರೇಟರ್ ಒತ್ತಿದಾಗಲೂ ಬಿಟ್ಟಾಗಲೂ ಹಿಡಿಯುವ) ಎಲ್‌ಎಸ್‌ಡಿ ಆಗಿದ್ದರೆ ಮಾತ್ರ ಬೇರೆ. ಅದು ಸ್ವಲ್ಪ ಕಟಕಟ ಅನ್ನುವುದು ಸಹಜ, ಅದನ್ನು ಮಾಡಿದವರು ಹೇಳಿದ ಆಯಿಲ್ಲೇ ಹಾಕಬೇಕು.

ಹಿಂದಿನಗಾಲಿ:

ಎಲ್ಲರಿಗೂ ವರದಿ. ತಂತಿ ಬ್ರಷ್‌ನಿಂದ ಮಣ್ಣು ಉಜ್ಜಿದೆ, ಕವರ್‌ನ ಕೆಳಗಿನ ಬೋಲ್ಟ್‌ನಲ್ಲಿ ಉಗುರಷ್ಟು ಅಗಲದ ಪಟ್ಟಿ ಸಿಕ್ಕಿತು. ಅದರ ನಂಬರ್ ಮ್ಯಾನುಯಲ್‌ನಲ್ಲಿ ಹುಡುಕಿದರೆ ಪ್ಲೇಟ್ ಎಲ್‌ಎಸ್‌ಡಿ, 80ಡಬ್ಲ್ಯೂ-90 ಜಿಎಲ್-5, ಜೊತೆಗೆ 118 ಮಿಲಿ ಮಾಡಿಫೈಯರ್ ಅಂತ ಇದೆ. ಎರಡೂ ಚಕ್ರ ಎತ್ತಿ ನೋಡಿದೆ, ಒಂದೇ ದಿಕ್ಕಿಗೆ ತಿರುಗಿದವು.

ಕವಲುದಾರಿ ಹೇಳಿದ ಹಾಗೆ ಅರ್ಧ ಬಾಟಲಿ ಹಾಕಿ ಎಂಟು ಹೊಡೆದೆ. ಮೊದಲ ನಾಲ್ಕು ಸುತ್ತು ಗರಗರ ಇತ್ತು, ಏಳನೆಯದರ ಹೊತ್ತಿಗೆ ಅಲ್ಲೊಂದು ಇಲ್ಲೊಂದು ತಟ್ಟಿದ ಹಾಗೆ ಆಯಿತು. ಮರುದಿನ ಉಳಿದರ್ಧ ಹಾಕಿದೆ. ಈಗ ಮೂರು ದಿನದಿಂದ ಪಾರ್ಕಿಂಗ್‌ನಲ್ಲಿ ಪೂರ್ತಿ ತಿರುಗಿಸಿದರೂ ಸದ್ದಿಲ್ಲ. ಕಿಟಕಿ ಇಳಿಸಿ ಕಿವಿ ಕೊಟ್ಟು ಕೇಳಿದೆ.

ಆಯಿಲ್ ಬದಲಾಯಿಸಿದ ದಿನ ಡ್ರೈನ್ ಪ್ಲಗ್‌ನ ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ಪೇಸ್ಟ್ ಅಂಟಿತ್ತು, ಒರೆಸಿ ಹಾಕಿದ್ದೆ. ಅದು ಪರವಾಗಿಲ್ಲ ಅಲ್ವಾ?

ಹಳೇಗೇರು:

ನುಣ್ಣನೆ ಪೇಸ್ಟ್ ಆದರೆ ಪರವಾಗಿಲ್ಲ, ಅದು ದಿನದ ಸವೆತ. ಬೆರಳಿಗೆ ಚುಚ್ಚುವ ಚೂರು, ಹಲ್ಲಿನ ತುಂಡು ಸಿಕ್ಕರೆ ಆಗ ಬಿಚ್ಚಿ ನೋಡಬೇಕು. ಮುಂದಿನ ಸಲ ಡ್ರೈನ್ ಪ್ಲಗ್‌ಗೆ ಕೈ ಹಾಕುವ ಮೊದಲು ಫಿಲ್ಲರ್ ಪ್ಲಗ್ ಬಿಚ್ಚುತ್ತದಾ ಅಂತ ನೋಡಿಕೊಳ್ಳಿ. ಆಯಿಲ್ ಎಲ್ಲಾ ಚೆಲ್ಲಿದ ಮೇಲೆ ಅದು ತುಕ್ಕು ಹಿಡಿದು ಕೂತಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಇನ್ನೊಂದು ಕೆಲಸ ಇವತ್ತೇ ಮಾಡಿ. ತಾರೀಕು, ಕಿಲೋಮೀಟರ್, ಯಾವ ಆಯಿಲ್, ಎಷ್ಟು ಮಿಲಿ ಮಾಡಿಫೈಯರ್, ಆ ಪಟ್ಟಿಯ ನಂಬರ್, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಬಾನೆಟ್ ಒಳಗೆ ಅಂಟಿಸಿ. ನಿಮಗೆ ಗಾಡಿ ಮಾರಿದವರು ಅಷ್ಟು ಮಾಡಿದ್ದರೆ ನೀವು ಈ ವಾರ ನಿದ್ದೆ ಕೆಡಬೇಕಿರಲಿಲ್ಲ.