ಸೈಕಾಲಜಿ ಮೊದಲ ಸೆಮಿಸ್ಟರ್: ರಿಸರ್ಚ್ ಮೆಥಡ್ಸ್‌ಗೆ ಕೋಚಿಂಗ್ ಬೇಕಾ? ಅನುಭವ ಇದ್ದೋರು ಹೇಳಿ

ವಿಜಯನಗರದ ಹುಡುಗಿ: ಬಿಎಗೆ ಸೈಕಾಲಜಿ ತಗೊಂಡಿದೀನಿ. ಪಿಯುಸಿವರೆಗೂ ಕನ್ನಡ ಮೀಡಿಯಂ. ಥಿಯರಿ ಹೆಂಗೋ ಓದ್ಕೋತೀನಿ. ವೇರಿಯಬಲ್, ಕಂಟ್ರೋಲ್ ಗ್ರೂಪ್, ಟಿ-ಟೆಸ್ಟ್ ಅಂದ್ರೆ ತಲೆ ಕೆಡುತ್ತೆ. ಕೋಚಿಂಗ್ ಸೇರ್ಲಾ?

ಬನಶಂಕರಿ ಅಕ್ಕ: ಕೋಚಿಂಗ್ ಹೆಸರೆತ್ತಬೇಡಮ್ಮ. 22,000 ಕಟ್ಟಿದ್ವಿ, ಮೆಟೀರಿಯಲ್ ಅಂತ ಮೇಲೆ 3,500, ಓಡಾಟದ ಖರ್ಚು ಬೇರೆ. ಕೊಟ್ಟಿದ್ದು ಅಕ್ಷರ ಮಾಸಿದ ಜೆರಾಕ್ಸು. ಬಿಡ್ತೀನಿ ಅಂದ್ರೆ ರೀಫಂಡ್ ಇಲ್ವಂತೆ! ನಂಗೆ ವಿಷಯ ತಲೆಗೆ ಹತ್ತಿದ್ದು ಕಾಲೇಜಿನ ಲ್ಯಾಬಲ್ಲಿ, ಮಿರರ್ ಡ್ರಾಯಿಂಗ್ ಮಾಡಿದಾಗ. ಕೈ ಕಾಣದ ಹಾಗೆ ಅಡ್ಡ ಇಟ್ಟಿರ್ತಾರೆ, ಕನ್ನಡಿ ನೋಡ್ಕೊಂಡು ನಕ್ಷತ್ರದ ಜೋಡಿಗೆರೆ ನಡುವೆ ಪೆನ್ಸಿಲ್ ಎಳೀಬೇಕು. ಮೂಲೆ ಬಂದ ತಕ್ಷಣ ಕೈ ಮೊಂಡು ಹಿಡಿಯುತ್ತೆ. ಬಲಗೈ ಪಳಗಿದ ಮೇಲೆ ಎಡಗೈಲಿ ಎಳೆದ್ರೆ ಅದೂ ಸುಧಾರಿಸಿರುತ್ತೆ. ಆದ್ರೆ ಅದು ಬಲಗೈ ಅಭ್ಯಾಸದಿಂದಲೇ ಬಂತು ಅಂತ ಏನು ಗ್ಯಾರಂಟಿ? ಎಡಗೈಲೂ ಮೊದಲೊಮ್ಮೆ ಎಳೆದಿರ್ತೀವಲ್ಲ. ಅದಕ್ಕೇ ನಡುವೆ ಅಭ್ಯಾಸ ಮಾಡದೆ ಸುಮ್ನೆ ಕೂತ ಇನ್ನೊಂದು ಗುಂಪು ಬೇಕು. ಕಂಟ್ರೋಲ್ ಗ್ರೂಪ್ ಅಂದ್ರೆ ಇಷ್ಟೇ.

ಪೀಣ್ಯ ಬಾಯ್: ಅಕ್ಕಂಗೆ ಲ್ಯಾಬ್ ಚೆನ್ನಾಗಿತ್ತು, ಹೇಳ್ತಾರೆ. ನಮ್ ಕಡೆ ಸೀನಿಯರ್ ರೆಕಾರ್ಡ್ ಬುಕ್ ಇಳಿಸೋದೇ ಪ್ರಾಕ್ಟಿಕಲ್ಸು. ನಾನು ಕೋಚಿಂಗ್‌ಗೆ 15,000 ಕೊಟ್ಟೆ, ಎಂಎಸ್ಸಿ ಸೀಟೂ ಸಿಕ್ತು. ಟಿ-ಟೆಸ್ಟ್ ಅಂದ್ರೆ ಎರಡು ಗುಂಪಿನ ಸರಾಸರಿ ಹೋಲಿಸೋದು, ಅದ್ರಲ್ಲಿ ಪಿ ವ್ಯಾಲ್ಯೂ 0.05ಕ್ಕಿಂತ ಕಮ್ಮಿ ಬಂದ್ರೆ ನಿಮ್ಮ ಹೈಪಾಥಿಸಿಸ್, ಅಂದ್ರೆ ಮೊದಲೇ ಮಾಡಿದ ಊಹೆ, 95% ನಿಜ. ಬರ್ಕೊಳಿ.

ಮಲ್ಲೇಶ್ವರಂ ಎಂಎಸ್ಸಿ: ಬರ್ಕೋಬೇಡಿ! ಇದನ್ನ ಕಲಿಯೋಕೆ 15,000 ಕೊಟ್ರಾ? ನಿಜಕ್ಕೂ ವ್ಯತ್ಯಾಸವೇ ಇಲ್ಲ ಅಂತ ಇಟ್ಕೊಂಡಾಗ, ಇಷ್ಟು ಅಥವಾ ಇದಕ್ಕಿಂತ ದೊಡ್ಡ ವ್ಯತ್ಯಾಸ ಕಾಣಿಸೋ ಸಾಧ್ಯತೆ ಎಷ್ಟು ಅನ್ನೋದು ಪಿ ವ್ಯಾಲ್ಯೂ. 95% ನಿಜ ಅನ್ನೋ ಮಾತೇ ಅಲ್ಲಿಲ್ಲ. 2015ರಲ್ಲಿ ಸೈಕಾಲಜಿಯ 100 ಅಧ್ಯಯನಗಳನ್ನ ಮತ್ತೆ ಮಾಡಿ ನೋಡಿದ್ರು, ಸಿಗ್ನಿಫಿಕೆಂಟ್, ಅಂದ್ರೆ ಪಿ 0.05ಕ್ಕಿಂತ ಕಮ್ಮಿ, ಬಂದಿದ್ದು 36% ಅಷ್ಟೇ. ಸಾಫ್ಟ್‌ವೇರ್‌ಗೂ ದುಡ್ಡು ಸುರೀಬೇಡಿ, ಲೆಕ್ಕ ಹಾಕೋಕೆ ಜಮೋವಿ ಪುಕ್ಕಟೆ.

ಪೀಣ್ಯ ಬಾಯ್: ದುಡ್ಡು ಕೊಟ್ಟು ತಗೊಳ್ಳೋ ಎಸ್‌ಪಿಎಸ್‌ಎಸ್ ಸಾಫ್ಟ್‌ವೇರ್ ಬರಲ್ಲ ಅಂದ್ರೆ ಇಂಟರ್‌ವ್ಯೂನಲ್ಲಿ ಯಾರು ಮೂಸ್ತಾರೆ? ಮೇಡಂ ಪುಸ್ತಕ ಓದಿ ಮಾತಾಡ್ತಿದಾರೆ.

ಮಲ್ಲೇಶ್ವರಂ ಎಂಎಸ್ಸಿ: ಪುಸ್ತಕ ಓದೋದು ಬೈಗುಳ ಆಯ್ತಾ ಈಗ?

ನಿವೃತ್ತ ಮೇಷ್ಟ್ರು, ಬಸವನಗುಡಿ: ಕಿತ್ತಾಡಬೇಡ್ರಪ್ಪ. ಲಂಡನ್ನಿನಲ್ಲಿ ಮನಶ್ಶಾಸ್ತ್ರಜ್ಞ ಸ್ಪಿಯರ್‌ಮನ್ ಹತ್ತಿರ ಕಲಿತು ಬಂದ ಎಂ.ವಿ. ಗೋಪಾಲಸ್ವಾಮಿಯವರು 1924ರಲ್ಲೇ ಮೈಸೂರು ವಿ.ವಿ.ಯಲ್ಲಿ ಸೈಕಾಲಜಿ ವಿಭಾಗ ಕಟ್ಟಿದರು. ಎರಡು ರ‍್ಯಾಂಕ್ ಪಟ್ಟಿ ಎಷ್ಟು ಹೊಂದುತ್ತೆ ಅಂತ ನೋಡೋಕೆ ನೀವು ಹಾಕೋ ರ‍್ಯಾಂಕ್ ಕೋರಿಲೇಷನ್ ಆ ಸ್ಪಿಯರ್‌ಮನ್‌ದೇ. ದೇಶಕ್ಕೇ ಮೊದಲು ನಾವು.

ಮಲ್ಲೇಶ್ವರಂ ಎಂಎಸ್ಸಿ: ಮೊದಲು ಕಲ್ಕತ್ತಾ ಸರ್, 1916.

ನಿವೃತ್ತ ಮೇಷ್ಟ್ರು, ಬಸವನಗುಡಿ: ಇರಲಿ. 1935ರಲ್ಲಿ ಮನೆಯಿಂದಲೇ ರೇಡಿಯೋ ಪ್ರಸಾರ ಶುರು ಮಾಡಿದ್ದೂ ಗೋಪಾಲಸ್ವಾಮಿಯವರೇ. ಅದಕ್ಕೂ ಕಲ್ಕತ್ತಾ ಅಂತೀರೇನಮ್ಮ?

ಪೀಣ್ಯ ಬಾಯ್: ರೇಡಿಯೋಗೂ ಟಿ-ಟೆಸ್ಟ್‌ಗೂ ಏನ್ ಸಂಬಂಧ ಸರ್?

ಬನಶಂಕರಿ ಅಕ್ಕ: ಅದಿರಲಿ, ನಿಮ್ಮ 15,000ದ ಕೋಚಿಂಗು ಯಾವ ಏರಿಯಾದ್ದು? ಮೆಟೀರಿಯಲ್‌ಗೆ ಬೇರೆ ಕಿತ್ಕೊಂಡ್ರಾ? ನಮ್ಮೋರೇ ಇರಬೇಕು ಅಂತ ಅನುಮಾನ.