ಟೊಮೆಟೊ ಮಂಡಿಯ ಗುಮಾಸ್ತನಿಗೆ ದೇವರ ರಾಜ್ಯ ಎಲ್ಲಿದೆ?

ಮಂಡಿ ಗುಮಾಸ್ತ, ಕೋಲಾರ ಜಿಲ್ಲೆ

ಒಂದು ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಸುಗ್ಗಿಯಲ್ಲಿ ಭಾನುವಾರವೂ ಹರಾಜು ಇರುವುದರಿಂದ ಚರ್ಚಿನ ಆರಾಧನೆ ತಪ್ಪುತ್ತದೆ. ಆಯುಧಪೂಜೆಯ ದಿನ ತಕ್ಕಡಿಗೂ ಕಂಪ್ಯೂಟರಿಗೂ ಕುಂಕುಮ ಇಟ್ಟು, ಮಾಲೀಕರು ಎಲ್ಲರ ಕೈಗೂ ಪ್ರಸಾದ ಕೊಡುತ್ತಾರೆ. ತೆಗೆದುಕೊಂಡರೆ ಚರ್ಚಿನ ಸಭೆಯಲ್ಲಿ ಮಾತು, ಬಿಟ್ಟರೆ ಮಂಡಿಯಲ್ಲಿ ಮುನಿಸು. ಯುವಜನರ ಕೂಟದಲ್ಲಿ ‘ಲೋಕದೊಳಗಿದ್ದರೂ ಲೋಕದವರಾಗಬೇಡಿ’ ಎನ್ನುತ್ತಾರೆ. ಹರಾಜಿನ ಗದ್ದಲದಲ್ಲಿ ಅದು ಹೇಗೆಂದು ಯಾರೂ ಹೇಳುವುದಿಲ್ಲ. ರೈತರಿಗೆ ನಾವು ಕೊಡುವುದು ಬಿಳಿ ಚೀಟಿ, ಅಧಿಕೃತ ಬಿಲ್ಲಲ್ಲ. ಅದು ಇಲ್ಲಿನ ರೂಢಿ, ಬಿಡಿ. ಪ್ರಸಾದಕ್ಕೆ ಏನು ಮಾಡಲಿ?

ಸತ್ಯವೇದ ವಾಚಕ

ಮುಟ್ಟಬೇಡಿ. ಆ ಕೆಲಸವನ್ನೇ ಬಿಟ್ಟು ಕೋಲಾರದ ಮಿಷನ್ ಆಸ್ಪತ್ರೆ ಇ.ಟಿ.ಸಿ.ಎಂ.ನಂಥ ಕಡೆ ಲೆಕ್ಕದ ಕೆಲಸ ಹುಡುಕಿಕೊಳ್ಳಿ.

ಮಾರಿಕುಪ್ಪಂ ಪ್ಯಾಸೆಂಜರ್, ಕೆ.ಜಿ.ಎಫ್.

ಎಲ್ಲರೂ ಮಿಷನ್ ಆಸ್ಪತ್ರೆ ಸೇರಿಕೊಂಡರೆ ಮಂಡಿಯ ತಕ್ಕಡಿಯ ಹತ್ತಿರ ನಿಲ್ಲುವವರು ಯಾರು? ತಮ್ಮಾ, ಪ್ರಸಾದದ ಬಗ್ಗೆ ಅಷ್ಟೊಂದು ಬರೆದಿರಿ, ಬಿಳಿ ಚೀಟಿಯನ್ನು ‘ಬಿಡಿ’ ಎಂದು ಮುಗಿಸಿದಿರಿ. ನನ್ನ ಕಣ್ಣು ನಿಂತದ್ದು ಅಲ್ಲಿ.

ನಾನು ಚಿನ್ನದ ಗಣಿಯ ಉಗ್ರಾಣದಲ್ಲಿ ಲೆಕ್ಕ ಬರೆದವನು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿದ ಮೇಲೆ ಇಲ್ಲಿನ ಸಾವಿರಾರು ಜನರಂತೆ ಬೆಳಗಿನ ರೈಲು ಹತ್ತಿ ಬೆಂಗಳೂರಿನಲ್ಲಿ ಗುಮಾಸ್ತಿಕೆ ಮಾಡಿದೆ. ಆಯುಧಪೂಜೆಯನ್ನು ಎರಡೂ ಕಡೆ ನೋಡಿದ್ದೇನೆ. ‘ನಮ್ಮಲ್ಲಿ ಇಲ್ಲ ಸರ್’ ಎಂದು ಕೈಮುಗಿದರೆ ಯಾರೂ ಬೈಯಲಿಲ್ಲ. ಎಲ್ಲರ ಜೊತೆ ಯಂತ್ರ ಒರೆಸಿ ಮಧ್ಯಾಹ್ನದ ಊಟಕ್ಕೆ ಕೂರುತ್ತಿದ್ದೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಇಡಿಯಾಗಿ ಓದಿ. ಮಾರುಕಟ್ಟೆಯಲ್ಲಿ ಸಿಗುವುದನ್ನು ವಿಚಾರಿಸದೆ ತಿನ್ನಿ ಎಂದವನೂ ಅವನೇ, ‘ಇದು ನೈವೇದ್ಯ’ ಎಂದು ಯಾರಾದರೂ ತಿಳಿಸಿದರೆ ಅವರ ಮನಸ್ಸಾಕ್ಷಿಗೋಸ್ಕರ ಬಿಡಿ ಎಂದವನೂ ಅವನೇ.

ಭಾನುವಾರದ ವಿಷಯಕ್ಕೆ ಪ್ರವಾದಿ ಆಮೋಸನ ಗ್ರಂಥದ ಎಂಟನೆಯ ಅಧ್ಯಾಯ ತೆರೆಯಿರಿ. ಅಲ್ಲಿನ ವ್ಯಾಪಾರಿಗಳು ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನಂದು ಅಂಗಡಿ ತೆರೆಯುತ್ತಿರಲಿಲ್ಲ. ಅದು ಯಾವಾಗ ಮುಗಿದೀತು, ಅಳತೆ ಕುಗ್ಗಿಸಿ ಮೋಸದ ತಕ್ಕಡಿಯಲ್ಲಿ ಧಾನ್ಯ ಮಾರೋಣ ಎಂದು ಕಾಯುತ್ತಿದ್ದರು. ಪ್ರವಾದಿ ಸಿಡಿದೆದ್ದದ್ದು ಅದಕ್ಕೆ. ಸ್ನಾನಿಕನಾದ ಯೋಹಾನನ ಬಳಿ ಬಂದ ಸುಂಕದವರಿಗೂ ಅವನು ಕೆಲಸ ಬಿಡಿ ಎನ್ನಲಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ಕೇಳಬೇಡಿ ಎಂದ. ‘ನಿನ್ನ ರಾಜ್ಯವು ಬರಲಿ’ ಎಂದು ದಿನವೂ ಬೇಡುತ್ತೇವಲ್ಲ, ಅದು ನಿಮ್ಮ ಚೀಟಿ ಪುಸ್ತಕಕ್ಕೂ ಬರಬೇಕು. ರೈತನಿಂದ ಕಮಿಷನ್ ಹಿಡಿಯಬಾರದೆಂದು ಎಪಿಎಂಸಿ ಕಾಯ್ದೆಯೇ ಹೇಳುತ್ತದೆ. ನಿಮ್ಮಲ್ಲಿ ಎಷ್ಟು ಹಿಡಿಯುತ್ತಾರೆ? ಕುಂಕುಮದ ಬಗ್ಗೆ ವಿಚಾರಿಸುವ ಹಿರಿಯರು ಇದನ್ನು ವಿಚಾರಿಸಿದ್ದನ್ನು ನಾನಂತೂ ಕಂಡಿಲ್ಲ.

ಶ್ರೀನಿವಾಸಪುರದ ಬೆಳೆಗಾರ

ನಾನು ಕ್ರೈಸ್ತನಲ್ಲ, ತಕ್ಕಡಿಯ ಮಾತು ಕಂಡು ಓದಿದೆ. 2023ರ ಜುಲೈನಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದಾಗ ಒಂದು ಮಂಡಿಯವರು ನನ್ನ ಬಾಕ್ಸ್‌ಗಳಲ್ಲಿ ಕೆಲವನ್ನು ‘ಹಾಳು’ ಎಂದು ಲೆಕ್ಕದಿಂದ ತೆಗೆದರು. ಚೀಟಿಯಲ್ಲಿ ಆ ಸಾಲೇ ಇರಲಿಲ್ಲ. ಏನು ಹಿಡಿದು ದೂರು ಕೊಡುವುದು? ನೀವು ಪ್ರಸಾದ ತಿಂದರೂ ಸರಿ, ಬಿಟ್ಟರೂ ಸರಿ. ಬಂದ ಬಾಕ್ಸ್ ಎಷ್ಟು, ಹಿಡಿದದ್ದು ಎಷ್ಟು ಎಂದು ಬರೆದುಕೊಡಿ.

ಮಂಡಿ ಗುಮಾಸ್ತ, ಕೋಲಾರ ಜಿಲ್ಲೆ

ಮಾಲೀಕರ ಬಳಿ ಮಾತನಾಡಿದೆ. ಬಿಲ್ ಆಗದು ಎಂದರು. ಚೀಟಿಯಲ್ಲಿ ಎಲ್ಲ ಕಡಿತವನ್ನೂ ಬರೆಯಲು ಒಪ್ಪಿದರು, ಅದೂ ಕೇಳಿದವರಿಗೆ ಮಾತ್ರ. ಕೇಳುವವರೇ ಕಡಿಮೆ. ಎಲ್ಲರಿಗೂ ಬರೆದುಕೊಟ್ಟರೆ ಕೆಲಸ ಹೋಗಬಹುದು. ತಂಗಿಯ ನರ್ಸಿಂಗ್ ಕಾಲೇಜಿನ ಶುಲ್ಕ ಇನ್ನೂ ಬಾಕಿ ಇದೆ.

ಮಾರಿಕುಪ್ಪಂ ಪ್ಯಾಸೆಂಜರ್, ಕೆ.ಜಿ.ಎಫ್.

ಕೇಳಿದವರಿಗೆ ನಾಳೆಯಿಂದಲೇ ಬರೆಯಿರಿ. ಕೇಳಬಹುದು ಎಂಬುದನ್ನು ರೈತರಿಗೆ ತಿಳಿಸಬೇಡಿ ಎಂದು ಮಾಲೀಕರು ಹೇಳಿದ್ದಾರೆಯೇ?